ಚಂದ್ರನ ಅಂಕಣ: ಹವಾಮಾನ ವಿಜ್ಞಾನದ ಆರಂಭವನ್ನು ಕುರಿತು

ಆರಂಭಿಕ ಆಧುನಿಕ ಯುರೋಪಿನಲ್ಲಿ ಹವಾಮಾನ ವಿಜ್ಞಾನ ರೂಪುಗೊಂಡ ಚರಿತ್ರೆಯನ್ನು ಟೊರಿಸೆಲ್ಲಿಯ ಪಾದರಸದ ನಳಿಕೆಯಿಂದ ಆರಂಭಿಸುವುದು ರೂಢಿ. ಗಾಳಿಗೆ ಭಾರವಿದೆಯೆಂಬುದನ್ನು ಆ ನಳಿಕೆ ತೋರಿಸಿತು, 1648ರಲ್ಲಿ ಪಾಸ್ಕಲನ ಭಾವ ಪೆರಿಯೆ ಅದನ್ನು ಪುಯಿ ದ ದೋಮ್ ಬೆಟ್ಟಕ್ಕೆ ಹೊತ್ತು ಎತ್ತರ ಏರಿದಂತೆ ಪಾದರಸ ಇಳಿಯುವುದನ್ನು ಕಂಡ, ಉಪಕರಣಗಳು ಬಂದಂತೆ ಗ್ರಹಗತಿಯ ನಂಬಿಕೆ ಹಿಂದೆ ಸರಿಯಿತು ಎಂಬ ಈ ಕಥನ ಎಷ್ಟೇ ಅಚ್ಚುಕಟ್ಟಾಗಿದ್ದರೂ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪಿದೆ ಎಂಬುದು ಈ ಭಾಷಣದ ನಿಲುವು. ಉಪಕರಣಗಳ ಚರಿತ್ರೆಯನ್ನು ಈ ಸಭೆಯಲ್ಲಿರುವ ಹಿರಿಯರೇ ಸಮರ್ಥವಾಗಿ ಬರೆದಿರುವುದರಿಂದ ಅದನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ.

ನಳಿಕೆಗಿಂತ ಬಹಳ ಮೊದಲೇ ದಿನದಿನದ ಹವೆಯನ್ನು ಬರೆದಿಡುವ ಅಭ್ಯಾಸವಿತ್ತು. ಸ್ಟಾಫ್ಲರ್ ಮತ್ತು ಪ್ಲೌಮ್ 1499ರಲ್ಲಿ ಉಲ್ಮ್ ನಗರದಲ್ಲಿ ಅಚ್ಚು ಹಾಕಿಸಿದ ಪಂಚಾಂಗದಲ್ಲಿ ಪ್ರತಿ ದಿನಕ್ಕೂ ಗ್ರಹಸ್ಥಾನಗಳ ಒಂದು ಸಾಲಿತ್ತು. ಅಂಥ ಪುಟಗಳ ಅಂಚಿನಲ್ಲೇ ಓದುಬಲ್ಲವರು ಮಳೆ, ಮಂಜು, ಗಾಳಿಗಳನ್ನು ಟಿಪ್ಪಣಿ ಮಾಡತೊಡಗಿದರು. ಗ್ರಹಗಳ ದೃಷ್ಟಿ, ಅಂದರೆ ಎರಡು ಗ್ರಹಗಳ ನಡುವಿನ ನಿಯತ ಕೋನಾಂತರ, ಹವೆಯನ್ನು ಬದಲಿಸುತ್ತದೆಯೇ ಎಂಬ ಪರೀಕ್ಷೆ ಅದರ ಹಿಂದಿತ್ತು. ಗ್ರಾಜ್ ನಗರದಲ್ಲಿ ಗಣಿತದ ಉಪಾಧ್ಯಾಯನಾಗಿದ್ದ ಕೆಪ್ಲರ್ 1595ರ ಪಂಚಾಂಗದಲ್ಲಿ ಕಡುಚಳಿಯನ್ನು ಮುನ್ಸೂಚಿಸಿದ್ದ. ಅದು ನಿಜವಾಯಿತು, ಮೂಗು ಸೀನಿದ ಕುರುಬರ ಮೂಗೇ ಉದುರಿತೆಂಬ ಸುದ್ದಿಯನ್ನು ಅವನು ತನ್ನ ಗುರು ಮೆಸ್ಟ್ಲಿನ್‌ಗೆ ಬರೆದು ತಿಳಿಸಿದ. ಜ್ಯೋತಿಷದ ಬಹುಭಾಗವನ್ನು ತಿರಸ್ಕರಿಸಿದ ಮೇಲೂ ಕೆಪ್ಲರ್ ದೃಷ್ಟಿಗಳನ್ನು ಬಿಡಲಿಲ್ಲ, ಹವೆಯ ದಾಖಲೆಯನ್ನೂ ಬಿಡಲಿಲ್ಲ.

ಇನ್ನು ರಾಬರ್ಟ್ ಹುಕ್ ರಾಯಲ್ ಸೊಸೈಟಿಗಾಗಿ ರೂಪಿಸಿದ, 1667ರಲ್ಲಿ ಸ್ಪ್ರಾಟ್ ಬರೆದ ಆ ಸಂಸ್ಥೆಯ ಚರಿತ್ರೆಯಲ್ಲಿ ಅಚ್ಚಾದ ಕೋಷ್ಟಕವನ್ನು ನೋಡಬೇಕು. ಗಾಳಿಯ ದಿಕ್ಕು ಮತ್ತು ಬಲ, ಶಾಖ, ತೇವ, ವಾಯುವಿನ ಒತ್ತಡ, ಆಕಾಶದ ಚಹರೆ ಎಂದು ಸಾಗುವ ಅಂಕಣಗಳಿಗೂ ಮುಂಚೆ, ಎಡಗಡೆಯಲ್ಲಿ, ಸೂರ್ಯನಿರುವ ರಾಶಿ, ಪಕ್ಕದಲ್ಲೇ ಚಂದ್ರನ ವಯಸ್ಸು ಮತ್ತು ರಾಶಿ ಇವೆ. ಹೊಸ ವಿಜ್ಞಾನದ ಮಾದರಿಯೆಂದು ಎಲ್ಲರೂ ತೋರಿಸುವ ಈ ಹಾಳೆ ಹಳೆಯ ಪಂಚಾಂಗದ ಪುಟವನ್ನೇ ಬೆಳೆಸಿದ್ದು. ವಾಯುಭಾರಮಾಪಕ ಅದರೊಳಗೆ ಬಂದು ಕುಳಿತ ಅತಿಥಿ. ಚಂದ್ರನ ಅಂಕಣವನ್ನು ಕೇವಲ ಹಳೆಯ ಅಭ್ಯಾಸದ ಉಳಿಕೆಯೆಂದು ತಳ್ಳಿಹಾಕುವವರಿಗೆ ಪಾಡುವಾದ ತೊಆಲ್ದೊ ಉತ್ತರವಾಗುತ್ತಾನೆ: ಪೊಲೇನಿ 1725ರಿಂದ ಅದೇ ನಗರದಲ್ಲಿ ನಡೆಸಿದ ಮಾಪನಗಳನ್ನೇ ಆಧರಿಸಿ ಅವನು ಹವೆಯ ಮೇಲೆ ಚಂದ್ರನ ಪ್ರಭಾವವನ್ನು 1770ರಲ್ಲಿ ಸಮರ್ಥಿಸಿದ, ಮತ್ತು 1780ರಲ್ಲಿ ಸ್ಥಾಪನೆಯಾದ ಮ್ಯಾನ್‌ಹೈಮ್ ಹವಾಮಾನ ಸಂಸ್ಥೆಯ ವೀಕ್ಷಣಾ ಜಾಲದಲ್ಲೂ ಅವನು ಪಾಲುಗೊಂಡ.

ಹಾಗಿದ್ದರೆ ಚಂದ್ರನ ಅಂಕಣ ಮೊದಲು ಯಾರ ಕೈಯಲ್ಲಿ, ಯಾವ ಊರಿನಲ್ಲಿ ಬಿದ್ದುಹೋಯಿತು? ಗ್ರಹಗಳು ಹವೆಯನ್ನು ಆಳುವುದಿಲ್ಲವೆಂದು ಮನಗಂಡು ಅದನ್ನು ಕೈಬಿಟ್ಟರೇ, ಅಥವಾ ಹೊಸ ಉಪಕರಣಗಳಿಗೆ ಹಾಳೆಯಲ್ಲಿ ಜಾಗ ಸಾಲದೆ ಅದು ಸದ್ದಿಲ್ಲದೆ ಮರೆಯಾಯಿತೇ? ಮೊದಲನೆಯದಾದರೆ ಅದು ವಿಚಾರದ ಚರಿತ್ರೆ, ಎರಡನೆಯದಾದರೆ ಗೆರೆ ಎಳೆದ ಕಾಗದದ ಚರಿತ್ರೆ, ಮತ್ತು ಇವೆರಡನ್ನೂ ಒಂದೇ ಎಂಬಂತೆ ಬರೆಯುತ್ತ ಬಂದಿರುವುದು ಸಣ್ಣ ದೋಷವಲ್ಲ. ಸಂಕಿರಣದ ಗೋಷ್ಠಿಗಳಲ್ಲಿ ದಿನಚರಿಗಳ ಹಸ್ತಪ್ರತಿಗಳನ್ನು ಪರಿಶೀಲಿಸುವವರು ಅಂಕಿಗಳಿಗಿಂತ ಮೊದಲು ಅಂಕಣಗಳ ತಲೆಬರಹಗಳನ್ನು ಓದಬೇಕೆಂದು ವಿನಂತಿ.