ಕಂಪ್ಯೂಟರಿನೊಳಗೊಂದು ದೊಡ್ಡಾಟ

(ಸಿಂಧನೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಪತ್ರಿಕೆಯ ವರದಿಗಾರನನ್ನು ಕರೆದರೆ ಎಡದಂಡೆ ಕಾಲುವೆಯ ನೀರಿನ ಬಗ್ಗೆಯೋ ಭತ್ತದ ದರದ ಬಗ್ಗೆಯೋ ಮಾತಾಡುತ್ತಾನೆ ಎಂದು ನೀವು ಎಣಿಸಿರಬಹುದು. ನಾನು ಆಟದ ಬಗ್ಗೆ ಮಾತಾಡಲು ಬಂದಿದ್ದೇನೆ. ಅದೂ ಕಂಪ್ಯೂಟರಿನ ಮುಂದೆ ಕೂತು, ಮುಖ ಕಾಣದ ಸಾವಿರಾರು ಜನರ ಜೊತೆ ವೇಷ ಹಾಕಿಕೊಂಡು ಆಡುವ ಆಟ. 2010ರಿಂದ ಇದನ್ನು ಆಡುತ್ತಿದ್ದೇನೆ ಎಂದು ಕಚೇರಿಯಲ್ಲಿ ಹೇಳಿದಾಗ ಹಿರಿಯರೊಬ್ಬರು, 'ಮತ್ತೆ ಕೆಲಸ ಯಾವಾಗ ಮಾಡ್ತೀಯಪ್ಪಾ?' ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಮುಂದೆ ಉತ್ತರ ಕೊಡುತ್ತೇನೆ.

'ಆಟ' ಎಂಬ ಒಂದೇ ಮಾತು

ಚಿಣ್ಣಿದಾಂಡು ಆಡುವುದೂ ಆಟ, ರಾತ್ರಿಯಿಡೀ ಕಿರೀಟ ತೊಟ್ಟು ಕುಣಿಯುವುದೂ ಆಟ. ಕನ್ನಡಕ್ಕೆ ಎರಡಕ್ಕೂ ಒಂದೇ ಮಾತು ಸಾಕಾಗಿದೆ. ನಮ್ಮ ಭಾಗದ ದೊಡ್ಡಾಟವನ್ನು ನೋಡಿದವರಿಗೆ ಈ ಕಂಪ್ಯೂಟರ್ ಆಟವನ್ನು ವಿವರಿಸುವುದು ಕಷ್ಟವಲ್ಲ.

ದೊಡ್ಡಾಟದಲ್ಲಿ ಏನಾಗುತ್ತದೆ? ಊರಿನ ಹತ್ತಾರು ಜನ ಸೇರುತ್ತಾರೆ. ಮಾಸ್ತರರು ತಿಂಗಳುಗಟ್ಟಲೆ ಪದ, ಕುಣಿತ, ಮಾತು ಕಲಿಸುತ್ತಾರೆ. ಆಟದ ರಾತ್ರಿ ಅಟ್ಟದ ಮೇಲೆ ಬಂದ ವೇಷಧಾರಿಯನ್ನು ಸಾರಥಿ ನೀವು ಯಾರು, ಯಾವ ಊರಿನವರು ಎಂದು ವಿಚಾರಿಸುತ್ತಾನೆ. ಬಂದವನು ತನ್ನ ಮನೆಯ ಹೆಸರು ಹೇಳುವುದಿಲ್ಲ. ವೇಷದ ಹೆಸರು ಹೇಳುತ್ತಾನೆ. ಲಿಂಗಸುಗೂರು-ಮಸ್ಕಿ ನಡುವಿನ ಹಳ್ಳಿಯವರಾದ ನನ್ನ ತಾತ ಕರ್ಣನ ಪಾತ್ರ ಮಾಡುತ್ತಿದ್ದರು. 'ಬೆಳತನ ರಾಜ ಆಗಿರತಿದ್ವಿ ತಮ್ಮಾ, ಹೊತ್ತು ಹೊಂಟ ಮ್ಯಾಲ ಎತ್ತು ಹೊಡಕೊಂಡು ಹೊಲಕ್ಕ ಹೋಗತಿದ್ವಿ' ಎಂದು ನಗುತ್ತಿದ್ದರು.

ಆನ್‌ಲೈನ್ ಪಾತ್ರಾಭಿನಯದ ಆಟವೂ ಹೀಗೆಯೇ. ನೀವು ಮೊದಲು ಒಂದು ವೇಷ ಮತ್ತು ಹೆಸರು ಆರಿಸಿಕೊಳ್ಳಬೇಕು: ಯೋಧ, ವೈದ್ಯ, ಕಮ್ಮಾರ, ಮಾಂತ್ರಿಕ, ಯಾವುದಾದರೂ ಸರಿ. ಆಮೇಲೆ ಒಂದು ದೊಡ್ಡ ಲೋಕಕ್ಕೆ ಇಳಿಯುತ್ತೀರಿ. ಅಲ್ಲಿ ಊರು, ಕಾಡು, ಗಣಿ, ಸಂತೆ ಎಲ್ಲ ಇರುತ್ತವೆ. ಎದುರಿಗೆ ಬರುವ ವೇಷಗಳ ಹಿಂದೆ ನಿಮ್ಮಂತೆಯೇ ಎಲ್ಲೋ ಕೂತು ಆಡುತ್ತಿರುವ ಮನುಷ್ಯರಿರುತ್ತಾರೆ. ಪಬ್‌ಜಿಯಂಥ ಗುಂಡಿನ ಆಟಕ್ಕೂ ಇದಕ್ಕೂ ವ್ಯತ್ಯಾಸವಿದೆ. ಅಲ್ಲಿ ಅರ್ಧ ಗಂಟೆಗೆ ಆಟ ಮುಗಿದು ಹೊಸದಾಗಿ ಶುರುವಾಗುತ್ತದೆ. ಇಲ್ಲಿ ನೀವು ಮಲಗಿದಾಗಲೂ ಲೋಕ ನಡೆಯುತ್ತಲೇ ಇರುತ್ತದೆ. ನಿನ್ನೆ ಗಳಿಸಿದ ಕತ್ತಿ, ನಿನ್ನೆ ಮಾಡಿಕೊಂಡ ಗೆಳೆತನ, ನಿನ್ನೆ ಕಟ್ಟಿಕೊಂಡ ವೈರ ಇವತ್ತೂ ಇರುತ್ತವೆ. ಈ ಲೋಕವನ್ನು ಹೊತ್ತು ನಿಂತಿರುವುದು ಸರ್ವರ್ ಎಂಬ ಸದಾ ಚಾಲೂ ಇರುವ ಕಂಪ್ಯೂಟರ್. ಅದನ್ನೇ ಈ ಆಟದ ಅಟ್ಟ ಎನ್ನಬಹುದು.

ಎಸೆಕ್ಸಿನಿಂದ ಸಿಂಧನೂರಿಗೆ

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ 'ಮಡ್' ಎಂಬ ಆಟ ಬರೆಯಲು ಆರಂಭಿಸಿದ. ಗೆಳೆಯ ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದ. ಅದರಲ್ಲಿ ಚಿತ್ರವಿರಲಿಲ್ಲ, ಬರೀ ಅಕ್ಷರ. 'ಉತ್ತರಕ್ಕೆ ಹೋಗು' ಎಂದು ಟೈಪು ಮಾಡಿದರೆ ಅಲ್ಲಿ ಏನಿದೆ ಎಂಬ ವರ್ಣನೆ ಪರದೆಯ ಮೇಲೆ ಮೂಡುತ್ತಿತ್ತು. 1997ರಲ್ಲಿ 'ಅಲ್ಟಿಮಾ ಆನ್‌ಲೈನ್', 1999ರಲ್ಲಿ 'ಎವರ್‌ಕ್ವೆಸ್ಟ್' ಬಂದವು. 2004ರ ನವೆಂಬರಿನಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟಕ್ಕೆ 2010ರ ಹೊತ್ತಿಗೆ 1 ಕೋಟಿ 20 ಲಕ್ಷ ಚಂದಾದಾರರಿದ್ದರು.

ಇದೇ ಬಾರ್ಟಲ್ 1996ರಲ್ಲಿ ಒಂದು ಲೇಖನ ಬರೆದು ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ. ಅಂಕ, ಸಂಪತ್ತು ಗಳಿಸಲು ಬರುವವರು. ಮೂಲೆಮೂಲೆ ನೋಡಲು ಬರುವವರು. ಹರಟೆ ಗೆಳೆತನಕ್ಕಾಗಿ ಬರುವವರು. ಬೇರೆಯವರನ್ನು ಕಾಡಲೆಂದೇ ಬರುವವರು. ನಮ್ಮ ಊರಿನ ಜಾತ್ರೆಗೆ ಬರುವವರಲ್ಲೂ ಈ ನಾಲ್ಕು ಬಗೆ ಇಲ್ಲವೆ?

ನಾನು ಆಟಕ್ಕೆ ಇಳಿದಾಗ ಏಳನೇ ತರಗತಿ. ಇದೇ ಸಿಂಧನೂರಿನ ಸೈಬರ್ ಕೆಫೆಯೊಂದರಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ. ದುಡ್ಡು ಕೊಟ್ಟು ಕೊಳ್ಳಬೇಕಾದ ಆಟ ನಮ್ಮ ಕೈಗೆ ಎಟುಕುವಂತಿರಲಿಲ್ಲ. ನನಗೆ ಸಿಕ್ಕಿದ್ದು ಪುಕ್ಕಟೆ ಆಡಬಹುದಾದ ಒಂದು ಸಣ್ಣ ಆಟ. ಮೊದಲ ಆರು ತಿಂಗಳು ನಾನು ಮಾಡಿದ್ದು ಒಂದೇ ಕೆಲಸ: ಗುಡ್ಡದಲ್ಲಿ ಅದಿರು ಅಗೆದು, ಕರಗಿಸಿ, ಸಂತೆಯಲ್ಲಿ ಮಾರುವುದು. ಹಟ್ಟಿ ಚಿನ್ನದ ಗಣಿ ನಮ್ಮ ಲಿಂಗಸುಗೂರು ತಾಲ್ಲೂಕಿನಲ್ಲೇ ಇದೆ. ಕೆಫೆಯ ಕಾಕಾ ಪರದೆ ನೋಡಿ, 'ಏನ್ ತಮ್ಮಾ, ತಾಸಿಗೆ ಇಪ್ಪತ್ತು ರೂಪಾಯಿ ಕೊಟ್ಟು ಮಣ್ಣು ಅಗಿತೀಯಲ್ಲ, ಹಟ್ಟಿಗೆ ಹೋದ್ರ ಅವ್ರೇ ಪಗಾರ ಕೊಡ್ತಾರ' ಎಂದಿದ್ದರು.

ಕಾಕಾ ಹೇಳಿದ್ದು ತಮಾಷೆಗೆ. ಆದರೆ ಆಟದ ಚಿನ್ನಕ್ಕೆ ನಿಜವಾದ ಬೆಲೆಯೂ ಉಂಟು. ವೆನಿಜುವೆಲಾದ ಹಣ ಬೆಲೆ ಕಳೆದುಕೊಂಡ ವರ್ಷಗಳಲ್ಲಿ ಅಲ್ಲಿನ ಅನೇಕರು 'ರೂನ್‌ಸ್ಕೇಪ್' ಎಂಬ ಆಟದಲ್ಲಿ ಚಿನ್ನ ಗಳಿಸಿ, ಅದನ್ನು ಹೊರದೇಶದ ಆಟಗಾರರಿಗೆ ಮಾರಿ ಮನೆಗೆ ದಿನಸಿ ತಂದರು.

ನಷ್ಟದ ಲೆಕ್ಕ

ಈಗ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಪಿಯುಸಿ ಎರಡನೇ ವರ್ಷದಲ್ಲಿ ನಾನು ಗಣಿತದಲ್ಲಿ ಫೇಲಾದೆ. ತಪ್ಪು ಆಟದ್ದಲ್ಲ, ನನ್ನದು. ಆದರೂ ಆಟದ ಕಟ್ಟೋಣದಲ್ಲೇ ಒಂದು ಸೆಳೆತವಿದೆ ಎಂಬುದನ್ನು ಮುಚ್ಚಿಡಬಾರದು. ಇನ್ನೊಂದು ಮೆಟ್ಟಿಲು, ಇನ್ನೊಂದು ಬಹುಮಾನ ಎಂದು ಅದು ಕರೆಯುತ್ತಲೇ ಇರುತ್ತದೆ. ದೊಡ್ಡಾಟಕ್ಕೆ ಬೆಳಗಾಗುತ್ತದೆ, ಇದಕ್ಕೆ ಬೆಳಗೇ ಇಲ್ಲ. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ಪಟ್ಟಿಗೆ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್ ಇಂಥವರಿಗಾಗಿ 2014ರಲ್ಲೇ 'ಶಟ್' ಎಂಬ ಚಿಕಿತ್ಸಾ ಕೇಂದ್ರ ತೆರೆಯಿತು. ನಿದ್ದೆ, ಊಟ, ಓದು ಬಿಟ್ಟು ಆಡುವವರು ನಿಮ್ಮಲ್ಲಿದ್ದರೆ ಸಹಾಯ ಕೇಳಲು ನಾಚಬೇಡಿ.

ಹಣ ಪಣವಿಟ್ಟು ಆಡುವ ಆಟಗಳ ಮಾತೇ ಬೇರೆ. 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಕಾನೂನು ಅವನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳನ್ನು ಅವುಗಳಿಂದ ಬೇರೆಯಾಗಿಟ್ಟಿದೆ. ಮನೆಯಲ್ಲಿ ಎಲ್ಲ ಆಟಗಳನ್ನೂ ಜೂಜೆಂದು ಬೈಯುವಾಗ ಈ ವ್ಯತ್ಯಾಸ ನೆನಪಿರಲಿ.

ಮುಚ್ಚಿದ ಊರು

ಆ ಸಣ್ಣ ಆಟದಲ್ಲಿ ನಮ್ಮದೊಂದು ಏಳು ಜನರ ಗುಂಪಿತ್ತು. ಅವರಲ್ಲಿ ಒಬ್ಬ ವೈದ್ಯನ ವೇಷದವನು. ಅವನ ಆಟದ ಹೆಸರು ಒಂದು ಹಕ್ಕಿಯದು. ನಾನು ಮುಂದೆ ನುಗ್ಗಿ ಪೆಟ್ಟು ತಿನ್ನುವುದು, ಅವನು ಹಿಂದೆ ನಿಂತು ಗಾಯ ಮಾಯಿಸುವುದು, ಹೀಗೆ ಐದು ವರ್ಷ ನಡೆಯಿತು. ಹರಕುಮುರುಕು ಇಂಗ್ಲಿಷಿನಲ್ಲೇ ಮಾತು. ಅವನ ಊರಲ್ಲಿ ಹಿಮ ಬೀಳುತ್ತದೆ, ತಾಯಿ ರಾತ್ರಿ ಪಾಳಿ ಕೆಲಸಕ್ಕೆ ಹೋಗುತ್ತಾಳೆ ಎಂಬಷ್ಟು ಗೊತ್ತಿತ್ತು. ತಾತ ತೀರಿಕೊಂಡಾಗ ಹದಿನೈದು ದಿನ ನಾನು ಆಟಕ್ಕೆ ಹೋಗಲಿಲ್ಲ. ಮತ್ತೆ ಹೋದಾಗ ಆಟದಲ್ಲಿ ನಾನು ಕಟ್ಟಿಕೊಂಡಿದ್ದ ಮನೆಯ ಹೊಸ್ತಿಲಲ್ಲಿ ಹೂಗಳಿದ್ದವು. ಗುಂಪಿನವರು ದಿನಕ್ಕೊಬ್ಬರಂತೆ ತಂದಿಟ್ಟಿದ್ದರು.

2016ರಲ್ಲಿ ಒಂದು ದಿನ ಆಟ ತೆರೆಯಲಿಲ್ಲ. ನಡೆಸುತ್ತಿದ್ದವರು ಸರ್ವರ್ ನಿಲ್ಲಿಸಿದ್ದರು. ಪರೀಕ್ಷೆಯ ಗಡಿಬಿಡಿಯಲ್ಲಿ ನಾನು ಅವರ ಸೂಚನೆಯನ್ನು ನೋಡಿರಲಿಲ್ಲ. ಅಗೆದ ಚಿನ್ನ ಹೋಯಿತು, ಅದಕ್ಕೆ ದುಃಖವಿಲ್ಲ. ಆ ಗೆಳೆಯನ ನಿಜವಾದ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಹಕ್ಕಿಯ ಹೆಸರು ಹಿಡಿದು ಯಾರನ್ನು ಹುಡುಕುವುದು?

ಮಸ್ಕಿಯ ಕಲ್ಲು

ಈ ಮಾತು ಬಂದಾಗಲೆಲ್ಲ ನನಗೆ ಮಸ್ಕಿ ನೆನಪಾಗುತ್ತದೆ. ದೇಶದ ತುಂಬ ಬಂಡೆ, ಕಂಬಗಳ ಮೇಲೆ ಶಾಸನ ಬರೆಸಿದ ಒಬ್ಬ ದೊರೆ ಇದ್ದ. 1837ರ ಸುಮಾರಿಗೆ ಜೇಮ್ಸ್ ಪ್ರಿನ್ಸೆಪ್ ಆ ಬ್ರಾಹ್ಮಿ ಲಿಪಿಯನ್ನು ಓದಿದಾಗ ಸಿಕ್ಕ ಹೆಸರು 'ದೇವಾನಾಂಪಿಯ ಪಿಯದಸಿ'. ದೇವರಿಗೆ ಪ್ರಿಯನಾದವನು, ಅಕ್ಕರೆಯಿಂದ ನೋಡುವವನು ಎಂಬ ಬಿರುದು ಅದು. ಸಿಂಹಳದ ಗ್ರಂಥಗಳ ಆಧಾರದಿಂದ ಇವನೇ ಅಶೋಕನೆಂದು ವಿದ್ವಾಂಸರು ತರ್ಕಿಸಿದರು. ಆದರೆ ಕಲ್ಲಿನ ಸಾಕ್ಷಿ ಇರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರಿಗೆ ಮಸ್ಕಿಯ ಗುಡ್ಡದಲ್ಲಿ ಒಂದು ಶಾಸನ ಕಂಡಿತು. ಅದರಲ್ಲಿ ಬಿರುದಿನ ಜೊತೆಗೆ 'ಅಶೋಕ' ಎಂಬ ಹೆಸರೂ ಇತ್ತು. ವೇಷದ ಹೆಸರನ್ನೂ ಮನೆಯ ಹೆಸರನ್ನೂ ಕೂಡಿಸಿದ್ದು ನಮ್ಮ ಪಕ್ಕದ ಊರಿನ ಕಲ್ಲು.

ನಾರ್ವೆ ದೇಶದಲ್ಲಿ ಮ್ಯಾಟ್ಸ್ ಸ್ಟೀನ್ ಎಂಬ ಯುವಕನಿದ್ದ. ಸ್ನಾಯು ಕ್ಷೀಣಿಸುವ ರೋಗದಿಂದ ಗಾಲಿ ಕುರ್ಚಿಯಲ್ಲಿದ್ದು, 2014ರಲ್ಲಿ 25ನೇ ವಯಸ್ಸಿಗೆ ತೀರಿಕೊಂಡ. ಮಗ ಒಂಟಿಯಾಗಿ ಬದುಕಿದ ಎಂದು ತಂದೆ ತಾಯಿ ಕೊರಗುತ್ತಿದ್ದರು. ಸಾವಿನ ಸುದ್ದಿಯನ್ನು ಅವನ ಬ್ಲಾಗಿನಲ್ಲಿ ಹಾಕಿದಾಗ ಬೇರೆ ಬೇರೆ ದೇಶಗಳಿಂದ ಪತ್ರಗಳು ಬರತೊಡಗಿದವು. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದಲ್ಲಿ 'ಇಬೆಲಿನ್' ಎಂಬ ಹೆಸರಿನಿಂದ ಅವನು ಎಷ್ಟೋ ಜನಕ್ಕೆ ಆಪ್ತನಾಗಿದ್ದ. ಕೆಲವರು ಅಂತ್ಯಕ್ರಿಯೆಗೂ ಬಂದರು. ಅಲ್ಲಿ ಎರಡು ಹೆಸರುಗಳನ್ನು ಕೂಡಿಸಿದ್ದು ತಂದೆ ತಾಯಿ ಹಾಕಿದ ಆ ಸುದ್ದಿ.

ಇನ್ನು ಮುಂದೆ

ಕೊನೆಯದಾಗಿ ನನ್ನ ಆಸೆಗಳನ್ನು ಹೇಳುತ್ತೇನೆ. ಒಂದು, ಮಾಲೀಕರು ಕೈಬಿಟ್ಟ ಆಟವನ್ನು ಆಡುವವರಿಗೆ ಒಪ್ಪಿಸುವ ದಾರಿ ಇರಬೇಕು. ಇದು ಬರೀ ಕನಸಲ್ಲ. 'ಸಿಟಿ ಆಫ್ ಹೀರೋಸ್' ಎಂಬ ಆಟವನ್ನು 2012ರ ನವೆಂಬರಿನಲ್ಲಿ ಮುಚ್ಚಿದರು. ಅಭಿಮಾನಿಗಳು ಅದನ್ನು ತಾವೇ ಮತ್ತೆ ನಡೆಸಿದರು. 2024ರ ಜನವರಿಯಲ್ಲಿ ಕಂಪೆನಿಯೇ ಒಂದು ಗುಂಪಿಗೆ ಅಧಿಕೃತ ಪರವಾನಗಿ ಕೊಟ್ಟಿತು. ಮಾರಿದ ಆಟಗಳನ್ನು ಹೀಗೆ ಕೊಲ್ಲಬಾರದೆಂದು ಯೂರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದಾರೆ.

ಎರಡು, ಕನ್ನಡದಲ್ಲಿ ಮಾತಾಡಿ ಆಡುವ ಇಂಥದೊಂದು ಲೋಕ ಬೇಕು. ಮುದಗಲ್ಲಿನ ಕೋಟೆ, ಜಲದುರ್ಗ, ಹಟ್ಟಿಯ ಹಳೆಯ ಸುರಂಗ ಎಲ್ಲ ನಮ್ಮಲ್ಲೇ ಇರುವಾಗ ಹಿಮದ ನಾಡಿನ ಕತೆಗಳನ್ನಷ್ಟೇ ಏಕೆ ಆಡಬೇಕು? ಕಂಪ್ಯೂಟರ್ ವಿಜ್ಞಾನ ಓದುತ್ತಿರುವವರು ಇಲ್ಲಿದ್ದೀರಿ. ಮೊದಲ 'ಮಡ್' ಬರೆದವರೂ ನಿಮ್ಮಂಥ ವಿದ್ಯಾರ್ಥಿಗಳೇ, ಅದಕ್ಕೆ ಬೇಕಾಗಿದ್ದುದೂ ಬರೀ ಅಕ್ಷರ.

ಮೂರನೆಯದು ನಿಮಗೊಂದು ವಿನಂತಿ. ಅಪರಿಚಿತರಿಗೆ ವಿಳಾಸ, ಫೋನ್ ನಂಬರು ಕೊಡಬೇಡಿ ಎಂಬ ಹಿರಿಯರ ಮಾತು ಸರಿ. ಆದರೆ ವರ್ಷಗಟ್ಟಲೆ ಜೊತೆಗೆ ಆಡಿದವರು ಆಟ ಮುಚ್ಚಿದರೂ ಸಿಗುವಂತೆ ಒಂದು ಇ-ಮೇಲ್ ಆದರೂ ಬರೆದಿಟ್ಟುಕೊಳ್ಳಿ.

ತಾತನ ಆಟದ ಪುಸ್ತಕ ಈಗಲೂ ಊರ ಗುಡಿಯ ಪೆಟ್ಟಿಗೆಯಲ್ಲಿದೆ. ಹೋದ ವರ್ಷ ಊರಿನ ಹುಡುಗರು ಅದನ್ನು ತೆಗೆದು ಓದಿ ಆಟ ಕಲಿತರು. ಕರ್ಣನ ಪಾತ್ರವನ್ನು ನನ್ನ ಚಿಕ್ಕಪ್ಪನ ಮಗ ಮಾಡಿದ. ಆಟ ಆಡಲು ಅವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಲಿಲ್ಲ.