ಎಂಜಿನ್‌ಗೆ ಬೇಡವಾದ ನೀರು

ಮಕ್ಕಳೇ, ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ಲ? ತಿಕ್ಕಿ ತಿಕ್ಕಿ ಕೈ ನೋಯುತ್ತದೆಯೇ ಹೊರತು ಅದು ಬಿಡುವುದಿಲ್ಲ. ಅಂಥದ್ದೇ ಒಂದು ಪದರ ಅಮೆರಿಕದ ಫ್ಲಿಂಟ್ ಎಂಬ ಊರಿನ ಮಕ್ಕಳನ್ನು ಬಹಳ ಕಾಲ ಕಾಪಾಡಿತ್ತು.

ಫ್ಲಿಂಟ್ ಇರುವುದು ಮಿಷಿಗನ್ ರಾಜ್ಯದಲ್ಲಿ. 2014ರ ಹೊತ್ತಿಗೆ ಅಲ್ಲಿದ್ದದ್ದು ಸುಮಾರು ಒಂದು ಲಕ್ಷ ಜನ, ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನಾಂಗದವರು, ಬಡವರು ಬಹಳ. ಕಾರು ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ ಊರಿನ ಬೊಕ್ಕಸ ಬರಿದಾಗಿತ್ತು. ಆಗ ರಾಜ್ಯ ಸರ್ಕಾರ ಅಲ್ಲಿಗೆ ತನ್ನ ಅಧಿಕಾರಿಗಳನ್ನು ಕಳಿಸಿತು. ಜನ ಓಟು ಹಾಕಿ ಆರಿಸಿದವರ ಮಾತಿಗಿಂತ ಇವರ ಮಾತೇ ದೊಡ್ಡದಾಯಿತು. ಖರ್ಚು ಉಳಿಸಲೆಂದು 2014ರ ಏಪ್ರಿಲ್‌ನಲ್ಲಿ ಹ್ಯೂರನ್ ಸರೋವರದ ನೀರನ್ನು ನಿಲ್ಲಿಸಿ, ಫ್ಲಿಂಟ್ ನದಿಯ ನೀರು ಬಿಟ್ಟರು.

ಅಲ್ಲಿನ ಅನೇಕ ಹಳೆಯ ಮನೆಗಳಿಗೆ ಇದ್ದದ್ದು ಸೀಸದ ಪೈಪುಗಳು. ಸರೋವರದ ನೀರಿಗೆ ಚೂರು ಫಾಸ್ಫೇಟ್ ಬೆರೆಸುತ್ತಿದ್ದರು. ಅದು ಪೈಪಿನ ಒಳಮೈಯಲ್ಲಿ ಸೀಸದೊಂದಿಗೆ ಸೇರಿ ಗಟ್ಟಿ ಪದರವಾಗಿ ಕೂರುತ್ತಿತ್ತು. ನೀರಿಗೂ ಸೀಸಕ್ಕೂ ನಡುವೆ ಗೋಡೆ. ನದಿಯ ನೀರಿನಲ್ಲಿ ಲೋಹವನ್ನು ಕೊರೆಯುವ ಕ್ಲೋರೈಡ್ ಹೆಚ್ಚು. ಅದಕ್ಕೆ ಫಾಸ್ಫೇಟ್ ಬೆರೆಸಲೇ ಇಲ್ಲ. ಗೋಡೆ ಸವೆಯಿತು, ಸೀಸ ನೀರಿಗಿಳಿಯಿತು.

ಸೀಸ ಮಹಾ ಮೋಸಗಾರ. ಕರಗಿದ ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗುವುದಿಲ್ಲ. ನಮ್ಮ ದೇಹ ಅದನ್ನು ಕ್ಯಾಲ್ಸಿಯಂ ಎಂದೇ ತಿಳಿದು ಮೂಳೆಯೊಳಗೆ ಬಚ್ಚಿಡುತ್ತದೆ. ಬೆಳೆಯುವ ಮಕ್ಕಳ ದೇಹ ದೊಡ್ಡವರಿಗಿಂತ ಹೆಚ್ಚು ಸೀಸ ಹೀರುತ್ತದೆ, ಮಿದುಳಿನ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ.

ನಲ್ಲಿಯಲ್ಲಿ ಕಂದು ನೀರು ಬಂತು. ಅದು ಕಬ್ಬಿಣದ ತುಕ್ಕು. ಜನ ಬಾಟಲಿಯಲ್ಲಿ ತುಂಬಿಕೊಂಡು ಹೋಗಿ ಸಭೆಗಳಲ್ಲಿ ತೋರಿಸಿದರು. ಕುಡಿಯಬಹುದು, ಏನೂ ಆಗುವುದಿಲ್ಲ ಎಂಬುದೇ ಉತ್ತರ. ನನಗೆ ಸಿಟ್ಟು ಬರುವುದು ಮುಂದಿನ ಮಾತಿಗೆ. ಅದೇ ಊರಿನ ಜನರಲ್ ಮೋಟರ್ಸ್ ಎಂಜಿನ್ ಕಾರ್ಖಾನೆ, ಈ ನೀರಿನಿಂದ ಬಿಡಿಭಾಗಗಳು ತುಕ್ಕು ಹಿಡಿಯುತ್ತಿವೆ ಎಂದಿತು. 2014ರ ಅಕ್ಟೋಬರ್‌ನಲ್ಲೇ ಅದಕ್ಕೆ ಬೇರೆ ನೀರು ಕೊಡಲು ಒಪ್ಪಿದರು. ಮನೆಗಳಿಗೆ ಸರೋವರದ ನೀರು ಮರಳಿದ್ದು ಇನ್ನೊಂದು ವರ್ಷದ ನಂತರ!

ಅದೂ ತಾನಾಗಿ ಬರಲಿಲ್ಲ. ಮಕ್ಕಳ ವೈದ್ಯೆ ಮೋನಾ ಹನ್ನಾ ಅತ್ತೀಶಾ ಪುಟ್ಟ ಮಕ್ಕಳ ರಕ್ತಪರೀಕ್ಷೆಯ ಫಲಿತಾಂಶಗಳನ್ನು ಹೋಲಿಸಿ ನೋಡಿದರು. ಸೀಸ ಹೆಚ್ಚಿದ್ದ ಮಕ್ಕಳ ಪ್ರಮಾಣ ನೀರು ಬದಲಾಗುವ ಮುಂಚೆ ನೂರಕ್ಕೆ 2.4, ಆಮೇಲೆ 4.9. ಅಧಿಕಾರಿಗಳು ಮೊದಲು ಅವರದೇ ತಪ್ಪು ಎಂದರು. ಕೊನೆಗೆ ಅಂಕಿಗಳು ಗೆದ್ದವು.

2017ರಲ್ಲಿ ಮಿಷಿಗನ್‌ನ ನಾಗರಿಕ ಹಕ್ಕುಗಳ ಆಯೋಗ ವಿಚಾರಣೆ ಮುಗಿಸಿ, ಈ ಅನ್ಯಾಯದ ಬೇರು ಬಹುಕಾಲದ ಜನಾಂಗ ತಾರತಮ್ಯದಲ್ಲಿದೆ ಎಂದು ಬರೆಯಿತು. ಸೀಸದ ಪೈಪುಗಳನ್ನು ಅಗೆದು ತೆಗೆಯುವ ಕೆಲಸ ಮುಗಿಯುವಾಗ 2025 ಆಗಿತ್ತು.