ಸತ್ತ ಇಲಿ, ಸತ್ತ ಮಂಗ ಮತ್ತು ಊರಿನ ಮುಂದಾಳು

(ಹರಿಹರಪುರದಲ್ಲಿ ನಡೆದ ಕೃಷಿಕರ ಹಾಗೂ ಯುವಜನರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



‘ಆಪತ್ಕಾಲದಲ್ಲಿ ನಾಯಕತ್ವ’ ಎಂಬ ವಿಷಯವನ್ನು ಸಂಘಟಕರು ನನಗೆ ಒಪ್ಪಿಸಿದ್ದಾರೆ. ಅಡಿಕೆಯ ರೋಗಗಳನ್ನು ನೋಡುತ್ತಲೇ ಇಪ್ಪತ್ತು ವರ್ಷ ಕಳೆದವನಿಗೆ ಈ ವಿಷಯವೇಕೆ ಎಂದು ಕೇಳಿದೆ. ‘ಜೊಂಬಿ ಸಿನಿಮಾದಲ್ಲಿ ಬದುಕುಳಿಯುವ ನಾಯಕನ ಹಾಗೆ ಏನಾದರೂ ಹೇಳಿ, ಹುಡುಗರು ಕೂತು ಕೇಳುತ್ತಾರೆ’ ಎಂದರು. ಮಗನ ಕೃಪೆಯಿಂದ ಅಂಥ ಒಂದೆರಡು ಸಿನಿಮಾಗಳನ್ನು ನಾನೂ ನೋಡಿದ್ದೇನೆ. ಸತ್ತವರು ಎದ್ದು ನಡೆಯುತ್ತಾರೆ, ಊರು ಬರಿದಾಗುತ್ತದೆ, ಉಳಿದ ಹತ್ತು ಮಂದಿಯಲ್ಲಿ ಒಬ್ಬ ಮುಂದಾಳಾಗುತ್ತಾನೆ. ಅಷ್ಟು ದೂರ ಹೋಗಬೇಕೆ? ಸತ್ತವನೊಬ್ಬ ಏಳದೆ, ಮಲಗಿದಲ್ಲಿಂದಲೇ ಒಂದು ಅಗ್ರಹಾರವನ್ನು ಬರಿದು ಮಾಡಿದ ಕಥೆ ನಮ್ಮ ತುಂಗಾತೀರದಲ್ಲೇ ಇದೆಯಲ್ಲ.

ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಪ್ರಕಟವಾದದ್ದು 1965ರಲ್ಲಿ. ಅವರು ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ನೋಡಿದ, ಪ್ಲೇಗಿನ ಕಾಲದ ಯೂರೋಪಿನ ಕಥೆ ಹೇಳುವ ಬರ್ಗ್‌ಮನ್ನನ ಸಿನಿಮಾ ಅದಕ್ಕೆ ಪ್ರೇರಣೆಯಾಯಿತಂತೆ. 1970ರಲ್ಲಿ ಕಾದಂಬರಿಯೇ ಸಿನಿಮಾ ಆಯಿತು. ಚಿತ್ರೀಕರಣ ನಡೆದದ್ದು ಶೃಂಗೇರಿಗೆ ಸಮೀಪದ ವೈಕುಂಠಪುರದಲ್ಲಿ. ವಿಮರ್ಶಕರು ಅದರಲ್ಲಿ ಜಾತಿ, ಧರ್ಮ, ಕಾಮಗಳ ಪ್ರಶ್ನೆಗಳನ್ನು ಕಂಡಿದ್ದಾರೆ, ಸರಿಯೇ. ಸಸ್ಯರೋಗ ಓದಿದ ನಾನು ಮಾತ್ರ ಪ್ರತಿ ಸಲವೂ ಅದನ್ನು ಒಂದು ಸಾಂಕ್ರಾಮಿಕದ ವರದಿಯಾಗಿ ಓದುತ್ತೇನೆ.

ಶಿವಮೊಗ್ಗಕ್ಕೆ ಹೋಗಿದ್ದ ನಾರಣಪ್ಪ ಜ್ವರ ಹೊತ್ತು ಬಂದು ಸಾಯುತ್ತಾನೆ. ಕುಲಾಚಾರ ಬಿಟ್ಟವನಿಗೆ ಸಂಸ್ಕಾರ ಮಾಡುವವರು ಯಾರು? ತೀರ್ಮಾನವಾಗದೆ ಯಾರೂ ಉಣ್ಣುವಂತಿಲ್ಲ. ಪ್ರಾಣೇಶಾಚಾರ್ಯರು ತಾಳೆಗರಿಗಳಲ್ಲಿ ಉತ್ತರ ಹುಡುಕುತ್ತಾರೆ, ಆಮೇಲೆ ಮಾರುತಿಯ ಗುಡಿಗೆ ಹೋಗುತ್ತಾರೆ. ಅಷ್ಟರಲ್ಲಿ ಮನೆಮನೆಯಲ್ಲೂ ಇಲಿಗಳು ಸುತ್ತಿ ಸುತ್ತಿ ಬಿದ್ದು ಸಾಯುತ್ತಿರುತ್ತವೆ. ಇಲಿಗಾಗಿ ಹದ್ದುಗಳು ಬಂದು ಸೂರಿನ ಮೇಲೆ ಕೂರುತ್ತವೆ. ಬ್ರಾಹ್ಮಣರು ಶಂಖ ಊದಿ ಜಾಗಟೆ ಬಡಿದು ಹದ್ದುಗಳನ್ನು ಓಡಿಸುತ್ತಾರೆ. ಈ ಭಾಗ ಓದುವಾಗ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಲಕ್ಷಣ ಕಣ್ಣೆದುರಿಗಿದೆ, ಅದನ್ನು ಅಪಶಕುನವೆಂದು ಓದಿದರು, ರೋಗವೆಂದು ಓದಲಿಲ್ಲ.

ಅವರನ್ನು ಹಳಿಯುವುದು ಸುಲಭ. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಗುರುತಿಸಿದ್ದು 1894ರಲ್ಲಿ. ಇಲಿಯಿಂದ ಮನುಷ್ಯನಿಗೆ ಅದನ್ನು ದಾಟಿಸುವುದು ಚಿಗಟವೆಂದು ಸೈಮಂಡ್ ತೋರಿಸಿದ್ದು 1898ರಲ್ಲಿ. ಬೆಂಗಳೂರಿಗೆ ಪ್ಲೇಗು ಬಂದದ್ದೂ ಅದೇ ವರ್ಷ. ದೂರ್ವಾಸಪುರದವರೆಗೆ ಈ ವಿದ್ಯೆ ಬರಲಿಲ್ಲವೆಂದರೆ ಅಚ್ಚರಿಯಿಲ್ಲ. ಆದರೆ ಕಾರಣ ತಿಳಿಯದವರೂ ಕೆಲಸ ಮಾಡಬಹುದು. ನಮ್ಮ ಹಿರಿಯರು ಅಡಿಕೆಗೊನೆಗೆ ಕೊಟ್ಟೆ ಕಟ್ಟುತ್ತಿದ್ದಾಗ ಕೊಳೆರೋಗದ ಶಿಲೀಂಧ್ರದ ಹೆಸರನ್ನು ಯಾರು ಬಲ್ಲವರಾಗಿದ್ದರು? ಮಳೆನೀರು ಗೊನೆಗೆ ತಾಗದಿದ್ದರೆ ಕಾಯಿ ಉಳಿಯುತ್ತದೆ ಎಂದಷ್ಟೇ ಕಂಡುಕೊಂಡಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಕುರಿತು ವರದಿ ಪ್ರಕಟಿಸಿ, ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಅಲ್ಲಿಯವರೆಗೆ ತೋಟ ಕಾದದ್ದು ಕೊಟ್ಟೆ.

ಆಚಾರ್ಯರ ತಪ್ಪು ಅಜ್ಞಾನವಲ್ಲ. ‘ನನಗೆ ಗೊತ್ತಿಲ್ಲ, ಆದರೆ ಹೆಣವನ್ನು ಮೊದಲು ಸುಡೋಣ, ಮಕ್ಕಳಿಗೆ ಊಟ ಹಾಕೋಣ’ ಎಂಬೆರಡು ಮಾತು ಅವರ ಬಾಯಿಂದ ಹೊರಡಲಿಲ್ಲ. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದರು ಎಂಬುದೇ ಅವರ ಕಷ್ಟ. ಬ್ರಾಹ್ಮಣರು ಕೈಮರಕ್ಕೆ, ಅಲ್ಲಿಂದ ಮಠಕ್ಕೆ ಎಂದು ಅಲೆದರು. ಹೆಚ್ಚು ತಿಳಿದವರನ್ನು ಕೇಳುವುದು ತಪ್ಪಲ್ಲ. ಕೇಳಿಬರುವತನಕ ಕೈಕಟ್ಟಿ ಕೂರುವುದು ತಪ್ಪು.

ಕೆಲಸ ಮಾಡಿದವಳು ಚಂದ್ರಿ. ಮೈಮೇಲಿನ ಚಿನ್ನವನ್ನು ಬಿಚ್ಚಿ ಸಂಸ್ಕಾರಕ್ಕೆಂದು ಮುಂದಿಟ್ಟಳು. ಚಿನ್ನಕ್ಕಾಗಿ ಆಸೆ ಹುಟ್ಟಿತೇ ಹೊರತು ಹೆಣ ಎದ್ದಿತೆ? ಕೊನೆಗೆ ಮೀನು ವ್ಯಾಪಾರದ ಅಹ್ಮದ್ ಬ್ಯಾರಿಯನ್ನು ಕರೆದು, ಗಾಡಿ ತರಿಸಿ, ರಾತ್ರೋರಾತ್ರಿ ಸುಡಿಸಿ ಊರು ಬಿಟ್ಟಳು. ಅಧಿಕಾರವಿಲ್ಲದವಳು ನಿರ್ಧಾರ ತೆಗೆದುಕೊಂಡಳು. ಒಂದು ಕೊರತೆ ಮಾತ್ರ ಉಳಿಯಿತು. ಹೆಣ ಸುಟ್ಟ ಸುದ್ದಿ ಅಗ್ರಹಾರಕ್ಕೆ ತಲುಪಲಿಲ್ಲ. ಮುಗಿದ ಕೆಲಸಕ್ಕಾಗಿ ಅವರು ಅಲೆಯುತ್ತಲೇ ಇದ್ದರು.

ಇದನ್ನು ಕಾದಂಬರಿಯ ಮಾತೆಂದು ಬಿಡುವಂತಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಹಿಂದೆಯೇ ಜನ ಜ್ವರದಿಂದ ಮಲಗಿದರು. ಕಾಡಿನ ಅಂಚು ಕಡಿದು ದನ ಮೇಯಿಸಿದಲ್ಲಿ ಉಣ್ಣಿ ಹೆಚ್ಚುತ್ತದೆ. ಸತ್ತ ಮಂಗನ ಮೈಯಿಂದ ಇಳಿದ ಉಣ್ಣಿ ಬೇರೆ ರಕ್ತ ಹುಡುಕುತ್ತದೆ. ದೂರ್ವಾಸಪುರದ ಇಲಿಯ ಸ್ಥಾನದಲ್ಲಿ ಇಲ್ಲಿ ಮಂಗ, ಚಿಗಟದ ಸ್ಥಾನದಲ್ಲಿ ಉಣ್ಣಿ. ಈಚಿನ ವರ್ಷಗಳಲ್ಲಿ ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲೂ ಮಂಗನ ಕಾಯಿಲೆ ಕಾಣಿಸಿದೆ.

ಇಲ್ಲಿ ನನ್ನ ಲೆಕ್ಕವನ್ನೂ ಒಪ್ಪಿಸಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ಮೇಲಿನ ಸೊಪ್ಪಿನಬೆಟ್ಟದಲ್ಲಿ ಮಂಗವೊಂದು ಸತ್ತುಬಿದ್ದಿತ್ತು. ಯಾರೋ ವಿಷವಿಟ್ಟಿರಬೇಕೆಂದು ನಾನು ಊಹಿಸಿದೆ. ಡಾಕ್ಟರೇಟು ಪಡೆದವನ ಊಹೆ. ಮನೆಯಲ್ಲಿ ಯಾರೂ ಎದುರಾಡಲಿಲ್ಲ. ಆಳುಗಳಿಗೆ ಹೇಳಿದರೆ ದರಕು ಒಟ್ಟುವ ಕೆಲಸ ನಿಲ್ಲುತ್ತದೆ ಎಂಬ ಸಣ್ಣ ಲೆಕ್ಕವೂ ಒಳಗಿತ್ತು ಎಂಬುದನ್ನು ಈಗ ಮುಚ್ಚಿಡಲಾರೆ. ಮೂರನೆಯ ದಿನ ಇನ್ನೊಂದು ಮಂಗ ಸತ್ತ ಮೇಲೆ ಆರೋಗ್ಯ ಕೇಂದ್ರಕ್ಕೆ ತಿಳಿಸಿದೆ. ವಾರದೊಳಗೆ ದರಕು ಹೊತ್ತ ಹೆಂಗಸೊಬ್ಬಳಿಗೆ ಜ್ವರ ಬಂದಿತು. ಎರಡು ವಾರ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ಆ ಎರಡು ವಾರ ಪ್ರಾಣೇಶಾಚಾರ್ಯರನ್ನು ನಾನು ಎಷ್ಟು ಹತ್ತಿರದಿಂದ ಕಂಡೆನೆಂದು ಹೇಳಲು ಮಾತು ಸಾಲದು.

ಆಕೆ ಮಲಗಿದ್ದಲ್ಲಿಂದಲೇ ತನ್ನ ಕೇರಿಯವರಿಗೆ ಹೇಳಿಕಳುಹಿಸಿದ್ದಳಂತೆ: ಆ ಬೆಟ್ಟಕ್ಕೆ ಹೋಗಬೇಡಿ, ದನವನ್ನೂ ಬಿಡಬೇಡಿ ಎಂದು. ಆಕೆಯನ್ನು ಯಾರೂ ನಾಯಕಿ ಎಂದು ಆರಿಸಿರಲಿಲ್ಲ. ಕೇರಿಯಲ್ಲಿ ಮತ್ತಾರಿಗೂ ಜ್ವರ ಬರಲಿಲ್ಲ.

ಈ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಸತ್ತ ಮಂಗ ಕಂಡರೆ ಮುಟ್ಟಬೇಡಿ. ಅದೇ ದಿನ, ಕಾರಣ ತಿಳಿಯುವ ಮೊದಲೇ, ಆರೋಗ್ಯ ಕೇಂದ್ರಕ್ಕೂ ನೆರೆಯವರಿಗೂ ತಿಳಿಸಿ. ಆಳುಗಳಿಗೆ ಮೊದಲು ತಿಳಿಸಿ. ಕೆಲಸ ನಿಂತರೆ ನಿಲ್ಲಲಿ, ಆ ದಿನದ ಕೂಲಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಮುಂದಿನ ಸಲ ಮಂಗ ಸತ್ತ ಸುದ್ದಿಯನ್ನು ಅವರು ನಿಮಗೆ ಹೇಳಲಾರರು. ನಮ್ಮ ಆರೋಗ್ಯ ಕೇಂದ್ರಗಳ ದೂರವಾಣಿ ಸಂಖ್ಯೆಗಳನ್ನು ಬರೆದ ಹಾಳೆ ಬಾಗಿಲ ಬಳಿ ಮೇಜಿನ ಮೇಲಿದೆ. ಹೋಗುವಾಗ ಒಂದೊಂದು ತೆಗೆದುಕೊಳ್ಳಿ. ಓದು ಬಾರದ ನೆರೆಯವರಿದ್ದರೆ ಅವರ ಮೊಬೈಲಿಗೆ ನೀವೇ ಹಾಕಿಕೊಡಿ.